ಅಬ್ಬಾನ ಕಾಯಿಲೆ ಮಗಳಿಗೂ ತಿಳಿದಿರಲಿ

ಹರಿಹರದ ಒಂದು ವಲೀಮಾದಲ್ಲಿ ಊಟ ಮುಗಿಸಿ ಹೆಂಗಸರೆಲ್ಲ ಕೂತಿದ್ದೆವು. ದಾವಣಗೆರೆಯಿಂದ ಬಂದಿದ್ದ ಗೆಳತಿಯೊಬ್ಬರು ಮೆಲ್ಲಗೆ ಹೇಳಿದರು: "ನಮ್ಮ ಅಬ್ಬಾ ತೀರಿಕೊಂಡದ್ದು ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ. ಮೂತ್ರದ ತೊಂದರೆ ಅಂತಷ್ಟೇ ಎಲ್ಲರಿಗೂ ಹೇಳಿದ್ದೆವು. ಈಗ ಅಣ್ಣನಿಗೂ ಅದೇ ಬಂದಿದೆ."

ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. "ಗಂಡಸರ ಕಾಯಿಲೆ, ಹೇಗೆ ಹೇಳೋದು? ತಂಗಿಗೆ ಸಂಬಂಧ ಬೇರೆ ನೋಡುತ್ತಿದ್ದೆವು" ಎಂದರು.

ಸಹೋದರಿಯರೇ, ಈ ನಾಚಿಕೆಯ ಬೆಲೆ ದೊಡ್ಡದು. ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಕೋಶದ ಕೆಳಗಿರುವ ಪುಟ್ಟ ಗ್ರಂಥಿ. ವಯಸ್ಸಾದಂತೆ ಅದು ದೊಡ್ಡದಾಗುವುದು ಸಾಮಾನ್ಯ. ಅದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಇತರರಿಗಿಂತ ಸುಮಾರು 2 ಪಟ್ಟು ಹೆಚ್ಚು.

ಅಮೆರಿಕದಲ್ಲಿ ಈ ರೋಗದಿಂದ ಸಾಯುವ ಕರಿಯ ಗಂಡಸರ ಪ್ರಮಾಣ ಬಿಳಿಯರ ಸುಮಾರು 2 ಪಟ್ಟು. ಕಾರಣ ಹುಡುಕಿದ ವಿಜ್ಞಾನಿಗಳು 2006ರಲ್ಲಿ 8ನೇ ವರ್ಣತಂತುವಿನಲ್ಲಿ ಅಪಾಯ ಹೆಚ್ಚಿಸುವ ಒಂದು ಭಾಗವನ್ನು ಗುರುತಿಸಿದರು. ಬಡತನ, ತಡವಾದ ಚಿಕಿತ್ಸೆಗಳ ಪಾಲೂ ಅದರಲ್ಲಿದೆ. ನಮ್ಮ ನಾಡಿನಲ್ಲಿ ಈ ರೋಗ ಅಷ್ಟು ಹೆಚ್ಚಿಲ್ಲ. ಆದರೂ ವಂಶದಲ್ಲಿ ಹರಿದು ಬರುವ ಅಪಾಯ ಯಾವ ಜನಾಂಗವನ್ನೂ ಬಿಟ್ಟಿಲ್ಲ.

ಇದು ಗಂಡಸರ ವಿಷಯ ಮಾತ್ರವೂ ಅಲ್ಲ. ಬಿಆರ್‌ಸಿಎ-2 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಗಂಡಸರಿಗೆ ಪ್ರಾಸ್ಟೇಟ್, ಹೆಂಗಸರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಈ ದೋಷ ತಂದೆಯಲ್ಲಿದ್ದರೆ ಮಗನಾಗಲಿ ಮಗಳಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗಳು ಆರೋಗ್ಯವಾಗಿದ್ದರೂ ಅವಳಿಂದ ಅವಳ ಮಕ್ಕಳಿಗೆ ದಾಟಬಹುದು.

ಆದ್ದರಿಂದ ಅಬ್ಬಾ, ಚಾಚಾ, ಮಾಮೂ, ಫೂಫಿಯರಿಗೆ ಯಾವ ಕಾಯಿಲೆ, ಯಾವ ವಯಸ್ಸಿನಲ್ಲಿ ಬಂತೆಂದು ಒಂದು ಹಾಳೆಯಲ್ಲಿ ಬರೆದಿಡಿ. ತಂದೆ ಅಥವಾ ಸಹೋದರರಿಗೆ 65ಕ್ಕೆ ಮುಂಚೆ ಈ ಕ್ಯಾನ್ಸರ್ ಬಂದಿದ್ದರೆ, ಮನೆಯ ಗಂಡಸರು 45ರ ಹೊತ್ತಿಗೆ ಪಿಎಸ್‌ಎ ರಕ್ತಪರೀಕ್ಷೆಯ ಬಗ್ಗೆ ವೈದ್ಯರಲ್ಲಿ ಕೇಳಲಿ. ಅದರ ಅಂಕಿ ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಮುಂದಿನ ಪರೀಕ್ಷೆ ಬೇಕೆಂದಷ್ಟೇ ಅರ್ಥ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದಲೂ ನಾಡಿನ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದೆ.

ಹೊರಡುವಾಗ ಗೆಳತಿ ಕೈ ಹಿಡಿದು, "ಇವತ್ತೇ ತಮ್ಮನಿಗೂ ತಂಗಿಗೂ ಫೋನ್ ಮಾಡ್ತೀನಿ" ಎಂದರು. ಅಬ್ಬಾ ತೀರಿಕೊಂಡ ವರ್ಷವೇ ಈ ಮಾತು ಆಡಿದ್ದರೆ ಅಣ್ಣ ಮುಂಚೆಯೇ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರೇನೋ. ನಿಮ್ಮ ಮನೆಯಲ್ಲಿ ತಡಮಾಡಬೇಡಿ.