ಸೂಚನೆಯ ಬಾಲಕ್ಕೆ ವ್ಯಾಪಾರ ಕಟ್ಟಬೇಡಿ



ಮಾಸ್ತಿಯಲ್ಲಿ ನನ್ನದೊಂದು ಜೆರಾಕ್ಸ್, ರೀಚಾರ್ಜ್ ಅಂಗಡಿ. ಪಹಣಿ ತೆಗೆಸಲು, ಅರ್ಜಿ ಹಾಕಿಸಲು ಬರುವವರ ಜೊತೆಗೆ ಮೊಬೈಲನ್ನು ಮುಂದೆ ಹಿಡಿದು 'ಇದೇನೋ ಬಂದೈತೆ, ಓದಿ ಹೇಳಣ್ಣ' ಎನ್ನುವವರೂ ಬರುತ್ತಾರೆ. ಗೃಹಲಕ್ಷ್ಮಿ ದುಡ್ಡು ಬಂತೇನೋ ಎಂಬ ಆಸೆಯಿಂದ ತೋರಿಸಿದ್ದು ಎಷ್ಟೋ ಸಲ ಇಂಟರ್ನೆಟ್ ಕಂಪನಿಯ ಸಂದೇಶವಾಗಿರುತ್ತದೆ. ಅದರಲ್ಲಿರುವ ವಿಷಯ ಒಂದೇ ಸಾಲಿನದು: ಇವತ್ತಿನ ಡೇಟಾ ಅರ್ಧ ಖರ್ಚಾಗಿದೆ, ಅಥವಾ ಪ್ಯಾಕಿನ ಅವಧಿ ನಾಳೆಗೆ ತೀರುತ್ತದೆ. ಅದನ್ನು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲೇ ಹೊಸ ಆಫರನ್ನು ತುರುಕಿ, ಕೊನೆಗೊಂದು ನೀಲಿ ಲಿಂಕ್ ಅಂಟಿಸಿ ಕಳಿಸಿರುತ್ತಾರೆ. ಯಾವುದು ಎಚ್ಚರಿಕೆ, ಯಾವುದು ಮಾರಾಟ ಎಂದು ಬಿಡಿಸಿ ಹೇಳಲು ಅಂಗಡಿಯವನು ಬೇಕು. ನನ್ನ ತಕರಾರು ಇದರ ಬಗ್ಗೆ.

ನಿಯಮ ಇಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2015ರಲ್ಲೇ ಗ್ರಾಹಕ ಸಂರಕ್ಷಣಾ ನಿಯಮಗಳನ್ನು ತಿದ್ದಿ, ಡೇಟಾ ಪ್ಯಾಕಿನ ಶೇ 50, ಶೇ 90 ಮತ್ತು ಪೂರ್ತಿ ಖರ್ಚಾದಾಗ ಚಂದಾದಾರರಿಗೆ ತಿಳಿಸಲೇಬೇಕು ಎಂದಿತು. 2016ರ ಅಕ್ಟೋಬರ್‌ನಲ್ಲಿ ಮನೆಗೆ ತಂತಿ ಎಳೆದು ಕೊಡುವ ಬ್ರಾಡ್‌ಬ್ಯಾಂಡ್‌ಗೂ ಇಂಥದ್ದೇ ನಿರ್ದೇಶನ ಬಂತು. ಮಿತಿ ತೀರಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು ಎಂದೂ ಅದರಲ್ಲಿತ್ತು. ಮೊಬೈಲಿನವರಿಗೆ ಆ ಭಾಗ್ಯವಿಲ್ಲ, ಬಹಳಷ್ಟು ಪ್ಯಾಕುಗಳಲ್ಲಿ ಮಿತಿ ಮುಗಿದರೆ 64 ಕೆಬಿಪಿಎಸ್. ಆ ವೇಗದಲ್ಲಿ ಫೋಟೊ ತೆರೆಯುವುದಿಲ್ಲ, ಹಣ ಕಳಿಸಲು ಹೋದರೆ ಚಕ್ರ ಸುತ್ತುತ್ತಲೇ ಇರುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ ಎಷ್ಟು ಕೂಗಿದರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಾಯುತ್ತಿರುವ ರೈತ ಸೆಟ್ಟೇ ಕೆಟ್ಟಿತೆಂದು ರಿಪೇರಿಗೆ ತರುತ್ತಾನೆ. ಎಚ್ಚರಿಕೆ ಬಂದಿತ್ತು, ಓದಲಾಗಲಿಲ್ಲ ಅಷ್ಟೆ. ನಿಯಮದ ಪ್ರಕಾರ ಕಂಪನಿ ತಿಳಿಸಿಯಾಯಿತು.

ತಿಳಿಸುವ ಹೆಸರಿನಲ್ಲಿ ಕಂಪನಿಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಸಂಗವಿದೆ. ಅದು ನಡೆದದ್ದೂ 2015ರಲ್ಲೇ, ಜೂನ್ ತಿಂಗಳಲ್ಲಿ. ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ಅವರು ಏರ್‌ಟೆಲ್ 3ಜಿಯಲ್ಲಿ ಜಾಲತಾಣಗಳನ್ನು ನೋಡುವಾಗ, ಪುಟದೊಳಗೆ ಅದನ್ನು ಬರೆದವರು ಹಾಕಿರದ ಕೋಡ್ ಸೇರಿಕೊಂಡಿರುವುದನ್ನು ಪತ್ತೆ ಮಾಡಿದರು. ಪುಟ ಹೊರಟ ಜಾಗದಲ್ಲಿ ಅದು ಇರಲಿಲ್ಲ. ದಾರಿಯಲ್ಲಿ, ಕಂಪನಿಯ ಜಾಲದೊಳಗೆ ಸೇರಿತ್ತು. ಅವರು ಆ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ಬಂದ ಉತ್ತರ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಇಸ್ರೇಲಿ ಕಂಪನಿಯ ಪರವಾಗಿ ಲಾಯರ್ ನೋಟಿಸ್! ಅದು ನಮ್ಮ ಸ್ವತ್ತು, ತೆಗೆಯಿರಿ ಎಂದು. ಕೇಳದೆ ಮನೆಯೊಳಗೆ ಬಂದವನೇ ಮನೆಯವನ ಮೇಲೆ ಕೇಸು ಹಾಕುವೆನೆಂದ. ಏರ್‌ಟೆಲ್ ಆ ನೋಟಿಸಿಗೂ ತನಗೂ ಸಂಬಂಧವಿಲ್ಲವೆಂದಿತು. ಕೋಡ್ ಮಾತ್ರ ಗ್ರಾಹಕರು ಎಷ್ಟು ಡೇಟಾ ಬಳಸಿದರೆಂದು ಅವರಿಗೆ ತಿಳಿಸುವ ಸಲುವಾಗಿ ಪ್ರಾಯೋಗಿಕವಾಗಿ ಹಾಕಿದ್ದು, ಜಗತ್ತಿನ ಇತರ ಕಂಪನಿಗಳೂ ಬಳಸುವ ವ್ಯವಸ್ಥೆ ಎಂದು ಸಮರ್ಥಿಸಿಕೊಂಡಿತು.

ಜಗತ್ತಿನಲ್ಲಿ ಇದೆ ಎಂಬ ಮಾತು ಸುಳ್ಳಲ್ಲ. ಕೆನಡಾದ ರೋಜರ್ಸ್ ಕಂಪನಿ 2007ರಲ್ಲಿ ಗೂಗಲ್‌ನ ಮುಖಪುಟದ ನೆತ್ತಿಯ ಮೇಲೇ 'ನಿಮ್ಮ ಮಿತಿ ಮುಗಿಯುತ್ತಾ ಬಂತು' ಎಂಬ ತನ್ನ ಸೂಚನೆಯನ್ನು ಕೂರಿಸಿ ಬೈಸಿಕೊಂಡಿತು. ಅಮೆರಿಕದ ಕಾಮ್‌ಕಾಸ್ಟ್, ವೈರಸ್ ಹತ್ತಿದ ಕಂಪ್ಯೂಟರಿನವರನ್ನು ಎಚ್ಚರಿಸಲು ಇಂಥದ್ದೊಂದು ವ್ಯವಸ್ಥೆ ಕಟ್ಟಿ, ಅದು ಕೆಲಸ ಮಾಡುವ ಬಗೆಯನ್ನು 2011ರಲ್ಲಿ ಬಹಿರಂಗ ದಾಖಲೆಯಾಗಿ ಪ್ರಕಟಿಸಿತು. ಕಾಮ್‌ಕಾಸ್ಟ್‌ನವರು ಮಾಡಿದ್ದನ್ನು ಬರೆದಾದರೂ ಇಟ್ಟರು ಎನ್ನಬಹುದು. ಆದರೂ ದಾರಿ ತಪ್ಪೇ. ಸ್ಟಾಂಪಿನ ದುಡ್ಡು ಸಾಲದೆಂದು ಹೇಳುವ ಹಕ್ಕು ಅಂಚೆಯವನಿಗಿದೆ. ಅದಕ್ಕಾಗಿ ಲಕೋಟೆ ಒಡೆದು ಕಾಗದದ ಮಧ್ಯೆ ಬರೆಯುವ ಹಕ್ಕಿಲ್ಲ. ಇವತ್ತು ಸೂಚನೆ ಬರೆದ ಕೈ ನಾಳೆ ಜಾಹೀರಾತು ಬರೆಯುತ್ತದೆ, ನಾಡಿದ್ದು ನೀವು ಏನು ಓದುತ್ತೀರೆಂದು ಲೆಕ್ಕ ಇಡುತ್ತದೆ.

ಈಗ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಬೀಗ ಹಾಕಿಕೊಂಡಿರುವುದರಿಂದ ಆ ಕಸುಬು ಮೊದಲಿನಂತೆ ನಡೆಯುವುದಿಲ್ಲ. ಕಂಪನಿಗಳಿಗೆ ಬುದ್ಧಿ ಬಂದದ್ದರಿಂದ ಅಲ್ಲ, ಬಾಗಿಲು ಮುಚ್ಚಿದ್ದರಿಂದ. ಆದರೆ ಮೊಬೈಲ್ ಪರದೆಯ ಮೇಲೆ ಏಕಾಏಕಿ ಎದ್ದು ನಿಲ್ಲುವ ಕಂಪನಿಯ ಚೌಕಗಳು ಇನ್ನೂ ಇವೆ. ಕೆಳಗೆ ಒಂದು 'ಓಕೆ', ಒಂದು 'ಕ್ಯಾನ್ಸಲ್'. ವಯಸ್ಸಾದವರು ಅದನ್ನು ಹೋಗಲಾಡಿಸಲು ಯಾವುದೋ ಒಂದನ್ನು ಒತ್ತುತ್ತಾರೆ. ಹೀಗೆ ಒತ್ತಿಸಿಕೊಂಡೇ ಕಾಲರ್ ಟ್ಯೂನು, ಜಾತಕ, ಕ್ರಿಕೆಟ್ ಸ್ಕೋರುಗಳಿಗೆ ದುಡ್ಡು ಕತ್ತರಿಸುತ್ತಿದ್ದ ಕಾಲವೊಂದಿತ್ತು. 2013ರಲ್ಲಿ ಟ್ರಾಯ್ ಇಂಥ ಸೇವೆಗಳಿಗೆ ಎರಡೆರಡು ಸಲ ಒಪ್ಪಿಗೆ ಪಡೆಯಬೇಕೆಂದ ಮೇಲೆ ಆ ಕಾಟ ತಗ್ಗಿತು. ಆದೇಶ ಹೊರಟರೆ ಕಂಪನಿಗಳು ಬಗ್ಗುತ್ತವೆ ಎಂಬುದಕ್ಕೆ ಇದನ್ನು ನೆನಪಿಸಿದೆ.

ಇನ್ನು ಭಾಷೆ. ಕನ್ನಡಕ್ಕೆ ಜ್ಞಾನಪೀಠ ತಂದುಕೊಟ್ಟವರ ಊರಿನಲ್ಲಿ ಕೂತು ಇದನ್ನು ಹೇಳಬೇಕಾಗಿದೆ. ನಮ್ಮದು ಗಡಿ ಹೋಬಳಿ. ಮನೆಮಾತು ತೆಲುಗು, ತಮಿಳು ಇರುವವರು ಬೇಕಾದಷ್ಟು ಮಂದಿ. ಅವರಲ್ಲೂ ಹೆಚ್ಚಿನವರು ಓದಲು ಕಲಿತದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಕನ್ನಡದಲ್ಲಿ ಯಾಕೆ ಕಳಿಸುವುದಿಲ್ಲವೆಂದರೆ ಎಸ್ಸೆಮ್ಮೆಸ್ಸಿನ ಅಳತೆಯ ಕಾರಣ ಕೊಡಬಹುದು: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಯೂನಿಕೋಡ್ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ನಿಜ. ಈಗ ಈ ಸಾಲು ನೋಡಿ: 'ನಿಮ್ಮ ಇಂದಿನ ಡೇಟಾ 90% ಮುಗಿದಿದೆ. ಉಳಿದದ್ದು ಮುಗಿದರೆ ವೇಗ ಇಳಿಯುತ್ತದೆ.' ಗುಣಿತ, ಒತ್ತು, ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿ 63. ಒಂದೇ ಸಂದೇಶದಲ್ಲಿ ಹಿಡಿಸಿತು. ಹಿಡಿಸದೇ ಹೋಗುವುದು ಆಫರು. ಅಲ್ಲದೆ ಬ್ಯಾಂಕಾದರೆ ಪ್ರತಿ ಸಂದೇಶಕ್ಕೂ ಟೆಲಿಕಾಂ ಕಂಪನಿಗೆ ದುಡ್ಡು ಕಟ್ಟಬೇಕು. ಮೊಬೈಲ್ ಕಂಪನಿ ಯಾರಿಗೆ ಕಟ್ಟಬೇಕು? ಜಾಲವೂ ಅದರದೇ, ಗಿರಾಕಿಯೂ ಅದರವನೇ.

ಆಗುವುದಿಲ್ಲ ಎನ್ನುವವರು 2023ರ ಅಕ್ಟೋಬರ್ 12ನ್ನು ನೆನಪಿಸಿಕೊಳ್ಳಲಿ. ಅಂದು ರಾಜ್ಯದ ಮೊಬೈಲುಗಳೆಲ್ಲ ಒಟ್ಟಿಗೆ ಕಿರುಚಿಕೊಂಡು ಜನ ಬೆಚ್ಚಿಬಿದ್ದರಲ್ಲ, ಅದು ದೂರಸಂಪರ್ಕ ಇಲಾಖೆಯ ವಿಪತ್ತು ಎಚ್ಚರಿಕೆಯ ಪರೀಕ್ಷೆ. ಅದರಲ್ಲಿ ಕನ್ನಡವೂ ಇತ್ತು. ಅದನ್ನು ತಲುಪಿಸಿದ್ದು ಇದೇ ಕಂಪನಿಗಳ ಇದೇ ಟವರುಗಳು. ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ಮೊದಲು ಭಾಷೆಯನ್ನೇ ಕೇಳುತ್ತಾರೆ, ನಾವು ಕನ್ನಡದ ಅಂಕಿ ಒತ್ತುತ್ತೇವೆ. ಅಲ್ಲಿ ಒತ್ತಿದ ಆಯ್ಕೆ ಸಂದೇಶಗಳಿಗೂ ಅನ್ವಯವಾಗುವಂತೆ ಮಾಡಲು ಯಾವ ಅಡ್ಡಿ? ಆ್ಯಪಿನ ಯಾವುದೋ ಮೂಲೆಯಲ್ಲಿ ಭಾಷೆ ಬದಲಿಸುವ ಸೌಕರ್ಯ ಇಟ್ಟಿದ್ದೇವೆ ಎಂದರೆ, ಆ ಮೂಲೆಗೆ ಹೋಗುವ ದಾರಿಯೂ ಇಂಗ್ಲಿಷಿನಲ್ಲೇ ಇರುತ್ತದೆ.

ಅರ್ಥವಾಗದ ಸಂದೇಶಗಳ ರಾಶಿಯಲ್ಲಿ ಕಳ್ಳರಿಗೆ ಒಳ್ಳೆಯ ಸುಗ್ಗಿ. 'ಟ್ರಾಯ್‌ನಿಂದ ಮಾತಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್ ಆಗುತ್ತದೆ, 9 ಒತ್ತಿ' ಎಂಬ ಕರೆಗಳಿಗೆ ಓದಿದವರೇ ಮೋಸಹೋಗಿದ್ದಾರೆ. ಸಂಪರ್ಕ ಕಡಿತದ ಬಗ್ಗೆ ತಾನು ಯಾರಿಗೂ ಕರೆ ಮಾಡುವುದಿಲ್ಲ, ಸಂದೇಶ ಕಳಿಸುವುದಿಲ್ಲ ಎಂದು ಟ್ರಾಯ್ ಸ್ಪಷ್ಟವಾಗಿ ಹೇಳಿದೆ. 2025ರಿಂದ ಸಂದೇಶ ಕಳಿಸಿದವರ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಬರುತ್ತಿದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ. ಒಳ್ಳೆಯ ಏರ್ಪಾಡು. ಆದರೆ ಸೇವಾ ಸೂಚನೆಯ ಬಾಲಕ್ಕೆ ಕಂಪನಿಯೇ ರೀಚಾರ್ಜ್ ಲಿಂಕ್ ಕಟ್ಟಿ ಕಳಿಸಿದರೆ ಜನ ಲಿಂಕ್ ಒತ್ತುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಕಳ್ಳನ ಲಿಂಕನ್ನೂ ಅದೇ ರೂಢಿಯಲ್ಲಿ ಒತ್ತುತ್ತಾರೆ. ಡೇಟಾ ಮುಗಿದ ಸೂಚನೆಯಲ್ಲಿ ಲಿಂಕ್ ಇರಲೇಬಾರದು. ದುಡ್ಡು ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅಗತ್ಯವಿಲ್ಲದ್ದನ್ನು ದಿನಕ್ಕೆ ಹತ್ತು ಸಲ ಹೇಳುವವರು, ಹೇಳಲೇಬೇಕಾದದ್ದಕ್ಕೆ ಬಾಯಿ ಬಿಡುವುದಿಲ್ಲ. ಕರೆಂಟು ಹೋಗಿ ಬ್ಯಾಟರಿ ಇಳಿದು ಟವರ್ ಮಲಗಿದಾಗ, ರಸ್ತೆ ಅಗೆಯುವಾಗ ಜೆಸಿಬಿ ಫೈಬರ್ ಕತ್ತರಿಸಿದಾಗ, ಯಾವಾಗ ಸರಿಹೋಗುತ್ತದೆ ಎಂದು ಒಂದು ಸಾಲೂ ಬರುವುದಿಲ್ಲ. ಸಿಗ್ನಲ್ ಬಂದ ಮೇಲಾದರೂ 'ಇಂಥ ಕಾರಣಕ್ಕೆ ಇಷ್ಟು ಹೊತ್ತು ಸೇವೆ ಇರಲಿಲ್ಲ' ಎನ್ನಬಾರದೇ? 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಗುಣಮಟ್ಟ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದಲ್ಲಿ ನಾಲ್ಕು ಗಂಟೆಗೂ ಮೀರಿ ಸೇವೆ ನಿಂತರೆ ಪ್ರಾಧಿಕಾರಕ್ಕೆ ವರದಿ ಹೋಗಬೇಕು. 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ಅವಧಿ ವಿಸ್ತರಣೆ. ಕೇಳಲು ಚೆನ್ನಾಗಿದೆ. ಮಾಸ್ತಿ ಹೋಬಳಿ ಇಡೀ ಕತ್ತಲಲ್ಲಿ ಕೂತರೂ ಕೋಲಾರ ಜಿಲ್ಲೆ ನಿಂತ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪ್ಯಾಕಿನ ದಿನಗಳು ಸುಮ್ಮನೆ ಉರುಳಿಹೋಗುತ್ತವೆ. ಈ ನಿಯಮವನ್ನು ಹೋಬಳಿ ಮಟ್ಟಕ್ಕಾದರೂ ಇಳಿಸಬೇಕು. ಫೈಬರ್ ಕತ್ತರಿಸಿದ ಸುದ್ದಿ ಸದ್ಯ ನಮಗೆ ಸಿಗುವುದು ಕೇಬಲ್ ಹುಡುಗನ ವಾಟ್ಸ್‌ಆ್ಯಪ್ ಸ್ಟೇಟಸ್‌ನಿಂದ. ಪಾಪ, ಅವನು ಕನ್ನಡದಲ್ಲೇ ಹಾಕುತ್ತಾನೆ.

ಟ್ರಾಯ್‌ಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಅದೇ ಊರಿನಲ್ಲಿದೆ. ಬ್ಯಾಂಕಿನ ಚಲನ್, ಅಂಗಡಿಯ ಬೋರ್ಡುಗಳ ಮೇಲಿರುವ ಗಮನ ಕಿಸೆಯೊಳಗಿನ ಈ ಸಂದೇಶಗಳ ಕಡೆಗೂ ಹರಿಯಲಿ. ಚಂದಾದಾರರು ಆರಿಸಿದ ಭಾಷೆಯಲ್ಲಿ, ಲಿಂಕ್ ಇಲ್ಲದೆ, ಆಫರ್ ಇಲ್ಲದೆ ಸೂಚನೆ ಬರಬೇಕೆಂಬ ಒಂದು ಆದೇಶ ಸಾಕು. ಅಲ್ಲಿಯವರೆಗೆ ಓದುಗರು ಸುಮ್ಮನೆ ಕೂರಬೇಡಿ. 198ಕ್ಕೆ ಕರೆ ಮಾಡಿ, ಸಂದೇಶ ಕನ್ನಡದಲ್ಲಿ ಬೇಕೆಂದು ದೂರು ಕೊಟ್ಟು ಡಾಕೆಟ್ ಸಂಖ್ಯೆ ಬರೆದುಕೊಳ್ಳಿ. ಸರಿಯಾದ ಉತ್ತರ ಬರದಿದ್ದರೆ ಅದೇ ಸಂಖ್ಯೆ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅದಕ್ಕೆ ಶುಲ್ಕವಿಲ್ಲ.

ಇತಿ,
ಒಬ್ಬ ಚಂದಾದಾರ
ಮಾಸ್ತಿ, ಮಾಲೂರು ತಾಲ್ಲೂಕು