ಐದೆಕರೆ ಅಂದರೆ ಎಷ್ಟೆಕರೆ?

'ಬಂಗಾರದ ಮನುಷ್ಯ' ನೋಡಿ ಹಳ್ಳಿಗೆ ಹೋಗಿ ನೇಗಿಲು ಹಿಡಿಯೋಣ ಅನ್ನಿಸದ ಹುಡುಗ ಯಾರಿದ್ದಾನೆ ಹೇಳಿ! ಅಣ್ಣಾವ್ರ ರಾಜೀವ ಬಂಜರು ನೆಲದಲ್ಲಿ ಬೆಳೆ ತೆಗೆದದ್ದು 1972ರಲ್ಲಿ. ಆ ಹುಚ್ಚು ಇವತ್ತಿಗೂ ಇಳಿದಿಲ್ಲ. ಮುಂಬೈಯಲ್ಲಿ ಹೋಟೆಲು, ಗಲ್ಫಿನಲ್ಲಿ ಡ್ರೈವಿಂಗು, ಬೆಂಗಳೂರಲ್ಲಿ ಕಂಪ್ಯೂಟರು... ನಾಲ್ಕು ಕಾಸು ಸೇರಿದ್ದೇ ತಡ, ನಮ್ಮ ಬೆಳ್ತಂಗಡಿ ಕಡೆ ಒಂದು ತುಂಡು ಜಾಗ ಬೇಕು. ಎದುರಿಗೆ ಗಡಾಯಿಕಲ್ಲು, ಹಿಂದೆ ಅಡಿಕೆ ತೋಟ, ನಡುವೆ ಹಂಚಿನ ಮನೆ. ಡ್ಯೂಯೆಟ್ಟಿಗೆ ಬೇಕಾದ್ದೆಲ್ಲ ರೆಡಿ, ಹೀರೋಯಿನ್ ಒಬ್ಬಳನ್ನು ಬಿಟ್ಟು!

ಮೊದಲಾದರೆ ಕೃಷಿಕನಲ್ಲದವನಿಗೆ ಕೃಷಿ ಭೂಮಿ ಕೊಳ್ಳಲು ಅಡ್ಡಿಯಿತ್ತು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಬಾಗಿಲಲ್ಲೇ ತಡೆಯುತ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವೆರಡೂ ಹೋದವು. "ಈಗ ಯಾರು ಬೇಕಾದ್ರೂ ತಗೊಳ್ಬಹುದು, ಏನೂ ತೊಂದ್ರೆ ಇಲ್ಲ" ಅಂತ ಬ್ರೋಕರುಗಳು ಹಾಡಲು ಶುರು ಮಾಡಿದರು. ಗೆಳೆಯರೇ, ಗೇಟು ತೆಗೆದ ಮಾತ್ರಕ್ಕೆ ಟಾಕೀಸಿನ ಎಲ್ಲ ಸೀಟೂ ನಮ್ಮದಾಗುವುದಿಲ್ಲ!

ಮುಂಬೈ ಹೋಟೆಲಿನಲ್ಲಿ ಹನ್ನೆರಡು ವರ್ಷ ದುಡಿದ ನನ್ನ ಸ್ನೇಹಿತನೊಬ್ಬ ಜಾಗ ನೋಡಲು ನನ್ನನ್ನೂ ಕರೆದುಕೊಂಡು ಹೋದ. ಬ್ರೋಕರ್ ಮಹಾಶಯ ಕೈ ಬೀಸಿ ತೋರಿಸಿದ: "ಆ ಮರದಿಂದ ಈ ತೋಡಿನವರೆಗೆ ಐದೆಕ್ರೆ ಉಂಟು ಮಾರಾಯ್ರೆ!" ಪಹಣಿ ತೆಗೆಸಿದರೆ ಎರಡೇ ಎಕರೆ. ಉಳಿದ ಮೂರು? "ಅದು ಕುಮ್ಕಿ. ನಮ್ಮದೇ ಅಲ್ವಾ!"

ಅಲ್ಲ ಸ್ವಾಮಿ, ಅಲ್ಲ. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗ ಜಾಗದ ಗಡಿಯಿಂದ ನೂರು ಗಜದೊಳಗಿನ ಸರ್ಕಾರಿ ನೆಲಕ್ಕೆ ಕುಮ್ಕಿ ಅನ್ನುತ್ತಾರೆ. ವರ್ಗದಾರ ಅಲ್ಲಿ ದನ ಮೇಯಿಸಬಹುದು, ಹುಲ್ಲು, ಸೊಪ್ಪು ತರಬಹುದು. ಅನುಭವ ಅವನದು, ಒಡೆತನ ಸರ್ಕಾರದ್ದು. ಆದರೆ ರೇಟು ಹೇಳಿದ್ದು ಐದೆಕರೆಗೆ, ರಿಜಿಸ್ಟ್ರಿ ಆಗುವುದು ಎರಡಕ್ಕೆ. ಹನ್ನೆರಡು ವರ್ಷದ ಬೆವರು ಯಾರ ಪಾಲು? ಸ್ನೇಹಿತ ಮಾತಾಡದೆ ಬಸ್ಸು ಹತ್ತಿದ.

ಹಾಗಾಗಿ ಮೊದಲು ಪಹಣಿ ನೋಡಿ. ವಿಸ್ತೀರ್ಣ ಎಷ್ಟು, 9ನೇ ಕಾಲಮಿನಲ್ಲಿ ಯಾರ ಹೆಸರು, 11ರಲ್ಲಿ ಸಾಲ-ಋಣ ಏನು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಕೃಷಿಗೆ ಬೇಕಾದ ಮನೆ ಕಟ್ಟಿಕೊಳ್ಳಬಹುದು. ರೆಸಾರ್ಟು ಮಾಡಿ ಬಾಡಿಗೆಗೆ ಕೊಡಬೇಕೆಂದರೆ ಕನ್ವರ್ಷನ್ ಆಗಲೇಬೇಕು. ಇನ್ನು ಗುಡ್ಡದ ಜಾಗವಾದರೆ ಬೇಸಿಗೆಯಲ್ಲಿ ಮಾತ್ರ ನೋಡಿ ಮುಂಗಡ ಕೊಡಬೇಡಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದದ್ದು ನೆನಪಿರಲಿ. ಮಳೆಗಾಲದಲ್ಲೊಮ್ಮೆ ಹೋಗಿ, ನೀರು ಎಲ್ಲಿ ಹರಿಯುತ್ತದೆ ನೋಡಿ.

ಕೊನೆಗೊಂದು ಮಾತು. ಪಕ್ಕದ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು 1975ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತೆರೆಗೆ ತಂದರಲ್ಲ, ಅದನ್ನು ಇನ್ನೊಮ್ಮೆ ನೋಡಿ. ಚೋಮನ ಹತ್ತಿರ ಎತ್ತಿತ್ತು, ತೋಳಲ್ಲಿ ಬಲವಿತ್ತು. ಉಳಲು ತುಂಡು ನೆಲ ಸಿಗಲಿಲ್ಲ. ಹುಟ್ಟಿದ ಜಾತಿಯೇ ಅಡ್ಡಿ! ವಾಸುದೇವ ರಾಯರ ಮುಖದ ಆ ಸಂಕಟ ಮರೆಯುವಂಥದ್ದೇ? ಅಂಥ ಚೋಮರ ಮಕ್ಕಳಿಗೆ ಸರ್ಕಾರ ಮಂಜೂರು ಮಾಡಿದ ಜಾಗವನ್ನು ಸರ್ಕಾರದ ಅನುಮತಿ ಇಲ್ಲದೆ ಯಾರೂ ಕೊಳ್ಳುವಂತಿಲ್ಲ ಅಂತ 1978ರಲ್ಲೇ ಕಾನೂನಾಗಿದೆ. ಕೊಂಡರೆ ಆ ಕ್ರಯವೇ ಅಸಿಂಧು. "ಅಗ್ಗಕ್ಕೆ ಸಿಗ್ತದೆ" ಅಂತ ಯಾರಾದರೂ ಕಿವಿಯಲ್ಲಿ ಊದಿದರೆ ಮೊದಲು ಕೇಳಿ, ಇದು ಯಾರಿಗೆ ಮಂಜೂರಾದ ಜಾಗ?

ರಾಜೀವನಾಗುವ ಆಸೆ ಇರಲಿ, ಬೇಡವೆನ್ನುವುದಿಲ್ಲ. ಚೋಮನ ಪಾಲಿನ ನೆಲದ ಮೇಲೆ ಮಾತ್ರ ನಿಮ್ಮ ಹಂಚಿನ ಮನೆ ಏಳುವುದು ಬೇಡ. ಏನಂತೀರಿ?