ಯಾರಿಗೆ ಯಾವ ಬೆಟ್ಟ? ಬೆಟ್ಟವನ್ನೂ ಒಂದು ಮಾತು ಕೇಳಿ!

ಬೇಸಿಗೆ ರಜೆ ಹತ್ತಿರವಾಯಿತೆಂದರೆ ಪ್ರವಾಸಿ ಕೈಪಿಡಿಗಳೂ ಪತ್ರಿಕೆಗಳ ಪುರವಣಿಗಳೂ ತಪ್ಪದೆ ಒಂದು ಪಟ್ಟಿಯನ್ನು ಪ್ರಕಟಿಸುತ್ತವೆ. ನವದಂಪತಿಗಳಿಗೆ ಮಡಿಕೇರಿ, ಸಾಹಸಪ್ರಿಯರಿಗೆ ಮುಳ್ಳಯ್ಯನಗಿರಿ, ಭಕ್ತಾದಿಗಳಿಗೆ ಕೊಡಚಾದ್ರಿ, ಮಳೆಯ ಮೋಹಿಗಳಿಗೆ ಆಗುಂಬೆ, ಮಕ್ಕಳೊಂದಿಗರಿಗೆ ಕೆಮ್ಮಣ್ಣುಗುಂಡಿ, ವಾರಾಂತ್ಯದ ಗೆಳೆಯರ ಗುಂಪಿಗೆ ಸಕಲೇಶಪುರದ ರೆಸಾರ್ಟು. ಬಳೆಗಾರನು ಕೈಯ ಅಳತೆ ನೋಡಿ ಬಳೆ ತೊಡಿಸುವಂತೆ, ಪ್ರವಾಸಿಯ ವಯಸ್ಸು, ಅಭಿರುಚಿ ಮತ್ತು ಜೇಬಿನ ಭಾರ ನೋಡಿ ಅವನಿಗೊಂದು ಬೆಟ್ಟವನ್ನು ತೊಡಿಸುವ ವ್ಯವಹಾರವಿದು. ಬಳೆ ಒಡೆದರೆ ಹಾನಿ ಯಾರಿಗೆ ಎಂಬುದನ್ನು ಮಾತ್ರ ಈ ಪಟ್ಟಿ ಬರೆಯುವವರು ಹೇಳುವುದಿಲ್ಲ.

ಆಲ್ಪ್ಸ್ ಕಲಿಸುವ ಪಾಠ

ಬೆಟ್ಟವನ್ನು ಹೀಗೆ ಗಿರಾಕಿಗೆ ತಕ್ಕಂತೆ ವಿಂಗಡಿಸುವ ವಿದ್ಯೆಯು ಪರಿಪೂರ್ಣತೆಯನ್ನು ಪಡೆದದ್ದು ಯುರೋಪಿನ ಆಲ್ಪ್ಸ್ ಪರ್ವತಗಳ ಹಿಮಜಾರಾಟದ ಧಾಮಗಳಲ್ಲಿ. ಕಠಿಣತೆಗೆ ತಕ್ಕಂತೆ ಅಲ್ಲಿಯ ಇಳಿಜಾರುಗಳಿಗೇ ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಕೊಟ್ಟಿದ್ದಾರೆ. ಕಲಿಯುವವನಿಗೊಂದು ಧಾಮ, ನುರಿತವನಿಗೊಂದು, ಮಕ್ಕಳಿರುವ ಸಂಸಾರಕ್ಕೊಂದು, ರಾತ್ರಿಯಿಡೀ ಕುಣಿಯುವವನಿಗೆ ಮತ್ತೊಂದು. ಎಲ್ಲರಿಗೂ ಎಲ್ಲವನ್ನೂ ಒದಗಿಸುವ ಭರದಲ್ಲಿ ಕಾಡು ಕಡಿದು ಇಳಿಜಾರುಗಳನ್ನು ಸಮತಟ್ಟು ಮಾಡಲಾಯಿತು. ಭೂಮಿ ಬಿಸಿಯೇರಿ ಹಿಮ ಕಡಿಮೆಯಾದಾಗ ಯಂತ್ರಗಳಿಂದ ಕೃತಕ ಹಿಮ ಸುರಿಯಲಾರಂಭಿಸಿತು. ಈ ರೋಗವೀಗ ಆಲ್ಪ್ಸ್‌ಗೆ ಸೀಮಿತವಾಗಿಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಬಹುತೇಕ ಪೂರ್ತಿಯಾಗಿ ಕೃತಕ ಹಿಮದ ಮೇಲೆ. ಆಟಕ್ಕಾಗಿ ಹಿಮ, ಹಿಮಕ್ಕಾಗಿ ಹೊಳೆಯ ನೀರು!

ಆದರೆ ಅದೇ ಆಲ್ಪ್ಸ್‌ನಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಸ್ವಿಟ್ಜರ್ಲೆಂಡಿನ ಜರ್ಮಾಟ್ ಪಟ್ಟಣಕ್ಕೆ ಪ್ರವಾಸಿಗಳ ಕಾರು ಬರುವಂತಿಲ್ಲ. ಎಂತಹ ಧನಿಕನಾದರೂ ತನ್ನ ವಾಹನವನ್ನು ಕೆಳಗಿನ ಟೇಶ್ ಎಂಬ ಊರಿನಲ್ಲಿ ನಿಲ್ಲಿಸಿ ರೈಲಿನಲ್ಲೇ ಮೇಲೇರಬೇಕು. ಇದರಿಂದ ಅಲ್ಲಿಯ ಪ್ರವಾಸೋದ್ಯಮವೇನೂ ಮುಳುಗಿಹೋಗಿಲ್ಲ. ನಮ್ಮ ಅಧಿಕಾರಿಗಳೂ ಉದ್ಯಮಿಗಳೂ ಆಲ್ಪ್ಸ್‌ನಿಂದ ರೋಪ್‌ವೇಯ ಕನಸನ್ನು ತರುತ್ತಾರೆ, ಈ ಕಟ್ಟುಪಾಡನ್ನು ಅಲ್ಲಿಯೇ ಬಿಟ್ಟುಬರುತ್ತಾರೆ.

ನಮ್ಮ ದೇಶದ ಹಿಮಜಾರಾಟದ ತಾಣವಾದ ಉತ್ತರಾಖಂಡದ ಔಲಿಯಲ್ಲಿ 2019ರ ಜೂನ್‌ನಲ್ಲಿ ಸಿರಿವಂತರ ಮನೆಯ ಅದ್ದೂರಿ ಮದುವೆಯೊಂದು ನಡೆದು, ಅದು ಉಳಿಸಿಹೋದ ಕಸದ ರಾಶಿಯ ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. ಔಲಿಗೆ ಹೋಗುವ ದಾರಿಯಲ್ಲಿರುವ ಜೋಶಿಮಠವಂತೂ ಹಳೆಯ ಭೂಕುಸಿತದ ರಾಶಿಯ ಮೇಲೆ ನಿಂತ ಊರು. ಅಲ್ಲಿ ಭಾರಿ ನಿರ್ಮಾಣ ಸಲ್ಲದೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟವು, ಔಲಿಯ ರೋಪ್‌ವೇ ನಿಂತಿತು.

ನಮ್ಮ ಬೆಟ್ಟದಲ್ಲಿರುವುದು ಮಣ್ಣು

ಸಹ್ಯಾದ್ರಿಯಲ್ಲಿ ಹಿಮವಿಲ್ಲ, ಇಲ್ಲಿರುವುದು ಹುಲ್ಲುಗಾವಲು, ಶೋಲಾ ಕಾಡು ಮತ್ತು ಅವೆರಡೂ ಸೇರಿ ಶತಮಾನಗಳಿಂದ ಕಟ್ಟಿದ ಮಣ್ಣು. ಕೃಷಿವಿಜ್ಞಾನಿಯಾಗಿ ನಾನು ಹೇಳಬಲ್ಲದ್ದು ಇಷ್ಟು: ಈ ಮೇಲ್ಮಣ್ಣು ಎಲೆಗೊಬ್ಬರದಿಂದಲೂ ಬೇರುಗಳಿಂದಲೂ ಸಡಿಲಗೊಂಡು ಸ್ಪಂಜಿನಂತೆ ವರ್ತಿಸುತ್ತದೆ. ಆಷಾಢದ ಮಳೆಯನ್ನು ಹೀರಿ, ಒಳಗೊಳಗೇ ಇಳಿಸಿ, ಫಾಲ್ಗುಣದವರೆಗೂ ಒರತೆಗಳಲ್ಲಿ, ಅಬ್ಬಿಗಳಲ್ಲಿ ಹರಿಸುತ್ತದೆ. ಇದರ ಮೇಲೆ ದಿನವಿಡೀ ಜೀಪುಗಳು ಓಡಾಡಿದರೆ ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ. ಇಂಗಬೇಕಾದ ನೀರು ಗಾಲಿಯ ಜಾಡಿನಲ್ಲೇ ಹರಿದು ಕೊರಕಲಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಕೆಳಗಿನ ಅಡಿಕೆ ತೋಟದ ಒರತೆ ಬತ್ತಿದಾಗ ರೈತನು ಮಳೆಯನ್ನು ಶಪಿಸುತ್ತಾನೆ. ನಿಜವಾದ ಕಾರಣ ಮೇಲಿನ ಗುಡ್ಡದ ನೆತ್ತಿಯಲ್ಲಿರುತ್ತದೆ.

ಇನ್ನು ಕಟ್ಟಡದ ಮಾತು. ಇಳಿಜಾರಿನ ಬುಡವನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿದಾಗ, ಮೇಲಿನ ಮಣ್ಣಿಗೆ ಇದ್ದ ಆಸರೆ ತಪ್ಪುತ್ತದೆ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕಣಕಣಗಳ ನಡುವಣ ಹಿಡಿತ ಸಡಿಲವಾಗುತ್ತದೆ. ಉಳಿದ ಕೆಲಸವನ್ನು ಒಂದು ರಾತ್ರಿಯ ಮಳೆ ಮುಗಿಸುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಸೀಮೆಯಲ್ಲಿ ಗುಡ್ಡಗಳು ಕುಸಿದಾಗ ಮಳೆಯೊಂದನ್ನೇ ದೂಷಿಸಿದವರಿದ್ದರು. ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದು ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ಬೊಟ್ಟುಮಾಡಿತು. ಇಷ್ಟಾದರೂ ಕಣಿವೆಯ ನೋಟಕ್ಕೆಂದು ಕಡಿದಾದ ಅಂಚಿನಲ್ಲೇ ಈಜುಕೊಳ ತೋಡುವ ಹುಚ್ಚು ಬಿಟ್ಟಿಲ್ಲ!

ಕನ್ನೊಳ್ಳಿಯ ಅತಿಥಿ

ಈಗ ಬೆಟ್ಟದಿಂದಿಳಿದು ಬಯಲಿನ ಕಡೆಯಿಂದ ನೋಡೋಣ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂತಹ ಊರಿನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಜೋಳ, ತೊಗರಿ ಬೆಳೆಯುವ ಆ ನಾಡಿಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಅಲ್ಲಿಯ ರೈತನೊಬ್ಬನು ಹೆಂಡತಿ ಮಕ್ಕಳೊಡನೆ ನಾಲ್ಕು ದಿನ ತಂಪಿಗೆ ಬರಬೇಕೆಂದು ಬಯಸಿದರೆ ಅದು ಅಪರಾಧವೇ? ಖಂಡಿತ ಅಲ್ಲ. ಆದರೆ ಪುರವಣಿಗಳ ಪಟ್ಟಿಯಲ್ಲಿ ಅವನನ್ನು ಹುಡುಕಿ ನೋಡಿ. ಸರ್ಕಾರಿ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವವನಿಗೆ ಅಲ್ಲಿ ಸ್ಥಾನವೇ ಇಲ್ಲ. ಡಿಸೆಂಬರಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೂ ಇಲ್ಲ. ಬೆಟ್ಟವನ್ನು ಕೆಡಿಸುತ್ತಿರುವುದು 'ಎಲ್ಲರಿಗೂ ಪ್ರವಾಸ' ಎಂಬ ಹೆಸರಿನಲ್ಲಿ. ಕೆಡಿಸಿದ ಮೇಲೆ ಸಿಗುವುದು ಕೆಲವರಿಗೆ.

ಇದಕ್ಕಿಂತ ದೊಡ್ಡದಾದ ಸಂಬಂಧವೊಂದು ಆ ರೈತನಿಗೂ ಬೆಟ್ಟಕ್ಕೂ ಇದೆ. ಆಲಮಟ್ಟಿಯಲ್ಲಿ ನಿಲ್ಲುವ ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ, ಇಂಡಿ-ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಎರಡೂ ಇದೇ ಸಹ್ಯಾದ್ರಿ. ಇಂಡಿಯ ನಿಂಬೆಯ ಬೇರಿಗೆ, ಬಸವನ ಬಾಗೇವಾಡಿಯ ಕಾಲುವೆಗೆ, ಮುದ್ದೇಬಿಹಾಳದ ಮನೆಯ ಕೊಡಕ್ಕೆ ಬೆಟ್ಟವೆಂದರೆ ನೀರು. ಕೃಷ್ಣೆಯ ತವರಾದ ಮಹಾಬಲೇಶ್ವರವೂ ಗಿರಿಧಾಮವೇ. ಕಟ್ಟಡಗಳ ಹಾವಳಿ ಮಿತಿಮೀರಿದ್ದರಿಂದಲೇ 2001ರಲ್ಲಿ ಕೇಂದ್ರ ಸರ್ಕಾರ ಮಹಾಬಲೇಶ್ವರ-ಪಂಚಗನಿಯನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಬೇಕಾಯಿತು. ಬೆಟ್ಟ ಬೋಳಾದರೆ ಅದರ ಬೆಲೆ ತೆರುವವನು ರೆಸಾರ್ಟಿನ ಒಡೆಯನಲ್ಲ. ಬೆಟ್ಟವನ್ನು ಎಂದೂ ಕಾಣದ ಬಯಲಿನ ಒಕ್ಕಲಿಗ.

ಹೊಟ್ಟೆಪಾಡಿನ ಪ್ರಶ್ನೆ

ನಮ್ಮ ಊರುಗಳಲ್ಲೇ ಕೆಲವರು ಕೇಳುತ್ತಾರೆ: "ಅಡಿಕೆಗೆ ರೋಗ, ಮೆಣಸಿಗೆ ಕೊಳೆ, ಕೂಲಿಗೆ ಜನವಿಲ್ಲ. ಪ್ರವಾಸಿಗಳೂ ಬೇಡವೆಂದರೆ ನಾವು ಬದುಕುವುದು ಹೇಗೆ ಮಾರಾಯ್ರೇ?" ಪ್ರಶ್ನೆ ನ್ಯಾಯವಾದದ್ದು. ಮನೆಯವರೇ ಇದ್ದು, ತಮ್ಮ ಅಡುಗೆಯನ್ನೇ ಬಡಿಸಿ, ಎರಡು ಕೋಣೆ ಬಿಟ್ಟುಕೊಡುವ ಹೋಂಸ್ಟೇ ಆತಿಥ್ಯವೇ ಹೌದು. ಅದಕ್ಕೆ ನಮ್ಮ ವಿರೋಧವಿಲ್ಲ. ಹೊರಗಿನ ಬಂಡವಾಳ ತೋಟ ಕೊಂಡು, ಭೂಪರಿವರ್ತನೆ ಮಾಡಿಸಿ, ಅದೇ ಹೆಸರಿನ ಫಲಕ ನೇತುಹಾಕುವುದು ಬೇರೆ. ಅಲ್ಲಿ ನಮ್ಮ ಮಕ್ಕಳಿಗೆ ಸಿಗುವುದು ಪಾತ್ರೆ ತೊಳೆಯುವ ಕೆಲಸ. ನಮ್ಮ ಹಳ್ಳಕ್ಕೆ ಸಿಗುವುದು ಶೌಚದ ನೀರು.

ಸರ್ಕಾರಕ್ಕೆ ಈ ಸತ್ಯ ಅರ್ಧ ಮಾತ್ರ ಅರಿವಾಗಿದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದ ನಂತರ ಅರಣ್ಯ ಇಲಾಖೆಯು ಚಾರಣಗಳನ್ನು ತಡೆಹಿಡಿದು ಆನ್‌ಲೈನ್ ನೋಂದಣಿಯ ದಾರಿ ಹಿಡಿಯಿತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ, ಕೊಡೈಕೆನಾಲ್‌ಗಳಿಗೆ 2024ರ ಮೇ ತಿಂಗಳಿನಲ್ಲಿ ಇ-ಪಾಸ್ ಜಾರಿಗೆ ಬಂದಿತು. 2025ರ ಸೆಪ್ಟೆಂಬರ್‌ನಲ್ಲಿ ಮುಳ್ಳಯ್ಯನಗಿರಿಗೂ ಮುಂಗಡ ನೋಂದಣಿ ಬಂದಿತು. ಇವೆಲ್ಲ ಸ್ವಾಗತಾರ್ಹ. ಆದರೆ ಒಂದು ಕೈಯಲ್ಲಿ ಬಾಗಿಲು ಮುಚ್ಚುತ್ತ ಇನ್ನೊಂದು ಕೈಯಲ್ಲಿ ಗೋಡೆ ಒಡೆಯುವುದೆಂದರೇನು? ಕೊಲ್ಲೂರು-ಕೊಡಚಾದ್ರಿ ರೋಪ್‌ವೇಯನ್ನು ಪರ್ವತಮಾಲಾ ಯೋಜನೆಗೆ ಸೇರಿಸಲು ಹೊರಟದ್ದು ಇಂತಹ ಕೆಲಸವೇ. ಗಂಟೆಗೆ ನೂರಾರು ಜನರನ್ನು ತುದಿಗೆ ಸುರಿಯುವ ಯಂತ್ರಕ್ಕೆ ತುದಿಯ ಹುಲ್ಲಿನ ಲೆಕ್ಕ ತಿಳಿಯದು.

ನಮ್ಮ ಹಕ್ಕೊತ್ತಾಯಗಳು

1. ಪ್ರತಿಯೊಂದು ಶಿಖರಕ್ಕೂ ದಿನಕ್ಕೆ ಎಷ್ಟು ಜನ, ಎಷ್ಟು ವಾಹನ ಎಂಬುದನ್ನು ಅದರ ಧಾರಣಾ ಸಾಮರ್ಥ್ಯದ ಅಧ್ಯಯನದಿಂದಲೂ ಆಯಾ ಗ್ರಾಮಸಭೆಯ ಒಪ್ಪಿಗೆಯಿಂದಲೂ ನಿರ್ಧರಿಸಬೇಕು.

2. ಖಾಸಗಿ ವಾಹನಗಳು ಬೆಟ್ಟದ ಬುಡದಲ್ಲೇ ನಿಲ್ಲಬೇಕು. ಮೇಲಕ್ಕೆ ಸಾರಿಗೆ ಸಂಸ್ಥೆಯ ಸಣ್ಣ ಬಸ್ಸು ಅಥವಾ ಕಾಲ್ನಡಿಗೆ.

3. ಕಡಿದಾದ ಇಳಿಜಾರಿನಲ್ಲಿ ರೆಸಾರ್ಟುಗಳಿಗಾಗಿ ಭೂಪರಿವರ್ತನೆಯನ್ನು ನಿಲ್ಲಿಸಬೇಕು.

4. ಕೊಡಚಾದ್ರಿಯ ರೋಪ್‌ವೇ ಪ್ರಸ್ತಾಪವನ್ನು ಕೈಬಿಡಬೇಕು.

5. ಪ್ರವೇಶ ಶುಲ್ಕದ ಪಾಲು ಗ್ರಾಮ ಪಂಚಾಯಿತಿಗೆ ಬರಬೇಕು. ಬಯಲುಸೀಮೆಯ ಶಾಲಾ ಮಕ್ಕಳಿಗೆ ಕಡಿಮೆ ಖರ್ಚಿನ ವಸತಿಯನ್ನು ಅದರಿಂದ ಕಲ್ಪಿಸಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಬೆಟ್ಟಕ್ಕೆ ಒಂದು ಭಾನುವಾರ ಎಷ್ಟು ವಾಹನ ಏರಿತೆಂದು ಎಣಿಸಿ. ಬುಡದ ಒರತೆ ಯಾವ ತಿಂಗಳು ಬತ್ತಿತೆಂದು ಬರೆದಿಡಿ. ಆ ಎರಡು ಅಂಕಿಗಳನ್ನು ಹಿಡಿದು ಮುಂದಿನ ಗ್ರಾಮಸಭೆಗೆ ಬನ್ನಿ. ಕನ್ನೊಳ್ಳಿಯ ಕೂಸು ಬೆಟ್ಟ ನೋಡಲು ಬರುವ ದಿನ ತೋರಿಸಲು ಒಂದು ಬೆಟ್ಟವಾದರೂ ಉಳಿದಿರಲಿ.